ಘಟ್ಟದಾಚೆಗೆ ಹೋದ ಮಳೆ ಬಾಟಲಿ

ನನ್ನ ಮೊದಲ ಸ್ಲೈಡ್ ಪಾಠ ಮುಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಜೂನ್ ಆರಂಭ. ಕಾಪುವಿನ ನಮ್ಮ ಕನ್ನಡ ಮಾಧ್ಯಮ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳು ನಾಲ್ಕು ಪರದೆಗಳ ಮುಂದೆ ಒಬ್ಬರ ಹೆಗಲ ಮೇಲೊಬ್ಬರು ಗಲ್ಲವಿಟ್ಟು ನಿಂತಿದ್ದರು. ಪರದೆಯಲ್ಲಿ ಅರಬ್ಬೀ ಸಮುದ್ರದ ಕಡೆಯಿಂದ ಒಂದು ಮೋಡ ತೇಲಿ ಬಂದು, ಪಶ್ಚಿಮ ಘಟ್ಟಕ್ಕೆ ಡಿಕ್ಕಿ ಹೊಡೆದು, ಮೇಲೇರಿ, ಮಳೆ ಸುರಿಸಿ, ಆಚೆ ಬದಿಗೆ ಬಡಕಲಾಗಿ ಇಳಿಯುತ್ತಿತ್ತು. ಆ ಮೋಡವನ್ನು ಚಲಿಸುವಂತೆ ಮಾಡಲು ನನಗೆ ಬೇಸಿಗೆ ರಜೆಯ ಹೆಚ್ಚಿನ ಪಾಲು ಹಿಡಿದಿತ್ತು.

ಚಪ್ಪಾಳೆ ನಿಂತ ಮೇಲೆ ಕೇಳಿದೆ: "ಈಗ ಹೇಳಿ, ಘಟ್ಟದ ಈಚೆ ಮಳೆ ಜಾಸ್ತಿ, ಆಚೆ ಕಡಿಮೆ. ಯಾಕೆ?"

ಯಾರೂ ಕೈ ಎತ್ತಲಿಲ್ಲ. ಮುಂದೆ ನಿಂತಿದ್ದ ಮೀನುಗಾರರ ಮನೆಯ ಹುಡುಗನನ್ನು ನೋಡಿದೆ. ತರಗತಿಯಲ್ಲಿ ಎಲ್ಲದಕ್ಕೂ ಮೊದಲು ಬಾಯಿ ತೆರೆಯುವವನು ಅವನೇ. "ಟೀಚರ್, ಮೋಡ ಎಡಗಡೆಯಿಂದ ಬಂತಲ್ಲ, ಅದು ಭಾರೀ ಚಂದ ಉಂಟು. ಇನ್ನೊಮ್ಮೆ ತೋರಿಸ್ತೀರಾ?" ಎಂದ.

ಇನ್ನೊಮ್ಮೆ ತೋರಿಸಿದೆ. ಇನ್ನೊಮ್ಮೆ ಚಪ್ಪಾಳೆ ಬಿತ್ತು. ಗಂಟೆ ಹೊಡೆಯಿತು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರೆ ಕನಿಷ್ಠ ನಾಲ್ಕು ಮಂದಿಯಾದರೂ ಉತ್ತರ ಹೇಳುತ್ತಿದ್ದರಲ್ಲ ಎಂದು ಬಸ್ಸಿನಲ್ಲಿ ಕಲ್ಯಾಣಪುರದ ಮನೆಗೆ ಹೋಗುವಾಗ ಅನ್ನಿಸಿತು.

ಆ ಕಂಪ್ಯೂಟರುಗಳನ್ನು ಶಾಲೆಗೆ ಕೊಟ್ಟವರು ಮುಂಬಯಿಯಲ್ಲಿ ಹೋಟೆಲು ನಡೆಸುವ ಹಳೆ ವಿದ್ಯಾರ್ಥಿಗಳು. ಬಂದ ಮೇಲೆ ಅವು ಹೂವಿನ ಚಿತ್ತಾರದ ಬಟ್ಟೆ ಹೊದ್ದುಕೊಂಡು ಕುಳಿತಿದ್ದವು. ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆದು ಬರಬೇಕು, ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಖಾನೆಯಲ್ಲಿ. ಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪು ಮಾಡುವಾಗ ಮಾತ್ರ ಒಂದರ ಬಟ್ಟೆ ಸರಿಯುತ್ತಿತ್ತು. ಮಣಿಪಾಲದ ಒಂದು ಕಾಲೇಜಿನಲ್ಲಿ ರಜೆಯ ತರಬೇತಿ ಮುಗಿಸಿ ಬಂದ ನಾನು ಸಮಾಜ ಪಾಠಕ್ಕೆ ಆ ಕೋಣೆ ಕೇಳಿದಾಗ ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿದ್ದರು. "ಕೊಡುವಾ ಟೀಚರೇ. ಆದರೆ ಅರ್ಧವಾರ್ಷಿಕದಲ್ಲಿ ಮಕ್ಕಳ ಮಾರ್ಕು ಕೆಳಗೆ ಹೋಗ್ಲಿಕ್ಕಿಲ್ಲ. ಹೋದರೆ ಮತ್ತೆ ಬೀಗ." ಅವರು ಕೆಟ್ಟವರಲ್ಲ. ಮುಂದಿನ ವರ್ಷ ಇದೇ ಮಕ್ಕಳು ಎಸ್ಸೆಸ್ಸೆಲ್ಸಿಗೆ ಕೂರುವವರು, ಫಲಿತಾಂಶಕ್ಕೆ ಮೇಲಿನವರಿಗೆ ಉತ್ತರ ಹೇಳಬೇಕಾದವರು ಅವರು.

ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದವಳು ಅಜೆಕಾರಿನ ಶಾಲೆಯೊಂದರ ಸಮಾಜ ಟೀಚರ್. ಮನೆ ಮಣಿಪಾಲದಲ್ಲಿ, ದಿನಾ ಕಾರ್ಕಳದ ಬಸ್ಸು ಹತ್ತಿ ಹೋಗುವವಳು. ಶನಿವಾರ ಮಧ್ಯಾಹ್ನ ಉಡುಪಿಯ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತ ನನ್ನ ಚಪ್ಪಾಳೆ ಪುರಾಣ ಹೇಳಿದೆ. ಅವಳು ನಗುತ್ತಲೇ, "ನನ್ನದೂ ಅದೇ ಕಥೆ ಮಾರಾಯ್ತಿ. ನನ್ನ ಮಕ್ಕಳು ಹಾರುವ ಅಕ್ಷರಗಳ ಲೆಕ್ಕ ಹಾಕಿದರು" ಎಂದಳು. ಆಮೇಲೆ ಚಹಾ ಕಲಕುತ್ತ, "ಮೋಡ ನಾವು ಮಾಡಿದ್ದು. ಮಕ್ಕಳಿಗೆ ಮಾಡ್ಲಿಕ್ಕೆ ಎಂತ ಉಳೀತು?" ಎಂದಳು.

ಆ ಮಾತಿನಿಂದ ನಮ್ಮ ಯೋಜನೆ ಹುಟ್ಟಿತು. ಅವಳ ಮಕ್ಕಳು ಅಜೆಕಾರಿನಲ್ಲಿ, ನನ್ನ ಮಕ್ಕಳು ಕಾಪುವಿನಲ್ಲಿ ದಿನಾ ಮಳೆ ಅಳೆಯುವುದು. ಕಂಪ್ಯೂಟರಿನಲ್ಲಿ ಕೋಷ್ಟಕ ಮಾಡಿ ಇಮೇಲಿನಲ್ಲಿ ಒಬ್ಬರಿಗೊಬ್ಬರು ಕಳಿಸುವುದು. ಅದರಿಂದ ಕಂಬ, ಗೆರೆಗಳ ನಕ್ಷೆ ಎಳೆಯುವುದು.

ಮಳೆಮಾಪಕಕ್ಕೆ ಮದುವೆ ಹಾಲಿನಿಂದ ತಂದ ಎರಡು ಲೀಟರಿನ ತಂಪು ಪಾನೀಯದ ಬಾಟಲಿಗಳಾದವು. ಕುತ್ತಿಗೆಯನ್ನು ಕತ್ತರಿಸಿ ತಲೆಕೆಳಗಾಗಿ ಒಳಗಿಟ್ಟರೆ ಅದೇ ಆಲಿಕೆ. ತೊಂದರೆ ಬಂದದ್ದು ಬುಡದಲ್ಲಿ. ಆ ಬಾಟಲಿಗಳ ತಳ ಸಮತಟ್ಟಲ್ಲ, ಐದು ಉಬ್ಬು ಇರುತ್ತವೆ. ಉಬ್ಬುಗಳ ನಡುವೆ ತುಂಬುವ ನೀರು ಲೆಕ್ಕ ತಪ್ಪಿಸುತ್ತದೆ. ಇದಕ್ಕೆ ದಾರಿ ಹೇಳಿದವಳು ಕೊಪ್ಪಳದ ಕಡೆಯ ಹುಡುಗಿ. ಅವಳ ಅಪ್ಪ ಅಮ್ಮ ಊರಿನಿಂದ ಗಾರೆ ಕೆಲಸಕ್ಕೆ ಬಂದು, ಕಟ್ಟುತ್ತಿದ್ದ ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ಇದ್ದರು. ತರಗತಿಯಲ್ಲಿ ಉಳಿದವರು ತಮ್ಮತಮ್ಮಲ್ಲಿ ತುಳು ಮಾತಾಡುವಾಗ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಬುಡಕ್ಕ ಸಿಮೆಂಟ್ ಹಾಕ್ರಿ ಟೀಚರ್. ನೀರಾಗಿ ಕಲಸಿದ್ರ ತಾನ ಮಟ್ಟ ಆಕೈತಿ" ಎಂದಳು. ಮರುದಿನ ಕಾಗದದ ಪೊಟ್ಟಣದಲ್ಲಿ ಸಿಮೆಂಟು ತಂದಳು. ಅಂಟಿಸಿದ ಕಾಗದದ ಅಳತೆಪಟ್ಟಿ ಎರಡೇ ದಿನಕ್ಕೆ ಮಳೆಗೆ ಕಿತ್ತು ಹೋದಾಗ, ಮೀನುಗಾರರ ಮನೆಯ ಹುಡುಗ ದೋಣಿಗೆ ನಂಬರು ಬರೆಯುವ ಪೇಂಟ್ ತಂದು ಬಾಟಲಿಯ ಮೇಲೆಯೇ ಮಿಲಿಮೀಟರ್ ಗೆರೆಗಳನ್ನು ಎಳೆದ. ಎರಡು ಶಾಲೆಗೂ ಒಂದೇ ಬಗೆಯ ಬಾಟಲಿ, ಒಂದೇ ಬಗೆಯ ಗೆರೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನೋಡುವುದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡುವುದು, ನೀರು ಚೆಲ್ಲಿ ಮತ್ತೆ ಇಡುವುದು. ರಜಾ ದಿನಕ್ಕೆ ಶಾಲೆಯ ಹತ್ತಿರದ ಮನೆಯವರು ಸರದಿ ಹಾಕಿಕೊಂಡರು.

ಮೊದಲ ವಾರದ ಕೋಷ್ಟಕ ಇಮೇಲಿನಲ್ಲಿ ಹೋಗುವ ಮೊದಲೇ ಒಂದು ಸಂಜೆ ಸಿಡಿಲು ಬಡಿಯಿತು. ಫೋನಿನ ತಂತಿಯಲ್ಲಿ ಬಂದ ಹೊಡೆತಕ್ಕೆ, ಇಮೇಲಿಗೆ ಬೇಕಾದ ಮೋಡೆಮ್ ಸುಟ್ಟು ಕರಕಲು ವಾಸನೆ ಕೋಣೆಯೆಲ್ಲ ತುಂಬಿತು. ಫೋನಿಗೆ ಮಾತ್ರ ಏನೂ ಆಗಿರಲಿಲ್ಲ. "ನೋಡಿ, ಇದಕ್ಕೇ ನಾನು ಬೀಗ ಹಾಕಿಡುದು" ಎಂದರು ಮುಖ್ಯೋಪಾಧ್ಯಾಯರು. ಸಿಡಿಲಿಗೆ ಬೀಗದ ಹಂಗಿಲ್ಲ ಎಂದು ಹೇಳಬೇಕೆನಿಸಿತು.

ಇಮೇಲಿನ ಬದಲು ಫ್ಲಾಪಿ ಎಂದಾಯಿತು. ಶನಿವಾರ ಉಡುಪಿಯಲ್ಲಿ ನಾನು ನನ್ನ ಫ್ಲಾಪಿ ಗೆಳತಿಗೆ ಕೊಡುವುದು, ಅವಳದು ನಾನು ತರುವುದು. ಮೊದಲ ಸಲ ತಂದ ಫ್ಲಾಪಿಯಲ್ಲಿ ಅಂಕೆಗಳು ಸರಿಯಿದ್ದವು, ಕನ್ನಡವೆಲ್ಲ ಚೌಕ, ಪ್ರಶ್ನಾರ್ಥಕ ಚಿಹ್ನೆ, ಯಾವುದೋ ಬಾಲದ ಅಕ್ಷರಗಳಾಗಿದ್ದವು. ಅವರು ಬಳಸಿದ ಫಾಂಟು ನಮ್ಮಲ್ಲಿ ಇರಲಿಲ್ಲ. ಮುಂದಿನ ವಾರದಿಂದ ಫಾಂಟನ್ನೂ ಅದೇ ಫ್ಲಾಪಿಗೆ ಹಾಕಿ ಕಳಿಸಿಕೊಂಡೆವು. ಇನ್ನೊಂದು ವಾರ ಫ್ಲಾಪಿಯನ್ನು ಕಂಪ್ಯೂಟರು ಓದಲೇ ಇಲ್ಲ. ಮುಚ್ಚಳ ಸರಿಸಿ ನೋಡಿದರೆ ಒಳಗಿನ ಕಪ್ಪು ತಟ್ಟೆಯ ಮೇಲೆ ಬಿಳಿ ಬೂಷ್ಟು. ಆಮೇಲೆ ಎಲ್ಲವೂ ಎರಡೆರಡು ಪ್ರತಿ, ತೇವ ಹೀರಲೆಂದು ಅಕ್ಕಿ ತುಂಬಿದ ಡಬ್ಬಿಯಲ್ಲಿ. ಸಮುದ್ರದ ಉಪ್ಪುಗಾಳಿಗೆ ಪರದೆಗಳೂ ಕೈಕೊಡತೊಡಗಿದಾಗ ಮೇಜಿನ ಕೆಳಗೆ ಅರುವತ್ತು ವ್ಯಾಟಿನ ಬಲ್ಬು ಉರಿಸಿಟ್ಟೆವು. ಕೋಣೆ ಬಾಣಂತಿಯ ಕೋಣೆಯಷ್ಟು ಬೆಚ್ಚಗಾಯಿತು, ಯಂತ್ರಗಳು ಸುಧಾರಿಸಿದವು.

ಜಗಳ ಶುರುವಾದದ್ದು ಜುಲೈ ಮೊದಲ ವಾರದಲ್ಲಿ. ಅಜೆಕಾರಿನ ಅಂಕೆಗಳನ್ನು ನಮ್ಮ ಅಂಕೆಗಳ ಪಕ್ಕದಲ್ಲಿಟ್ಟು ಮೊದಲ ನಕ್ಷೆ ತೆಗೆದೆವು. ಅವರ ಕಂಬಗಳೆಲ್ಲ ನಮ್ಮದಕ್ಕಿಂತ ಎತ್ತರ. ಕೆಲವು ದಿನ ಒಂದೂವರೆ ಪಟ್ಟು.

"ಸುಳ್ಳು!" ಎಂದ ಮೀನುಗಾರರ ಮನೆಯ ಹುಡುಗ. "ನಮ್ಮದು ಕಡಲಿನ ಬುಡ ಟೀಚರ್. ಮೋಡ ಮೊದಲು ಬರುದೇ ನಮ್ಮ ತಲೆ ಮೇಲೆ. ಮತ್ತೆ ಅವರಿಗೆ ಜಾಸ್ತಿ ಮಳೆ ಹೇಗೆ ಬರ್ತದೆ? ಅವರು ಪೈಪಿನ ನೀರು ಹಾಕಿದ್ದು."

ಹಿಂದಿನ ಬೆಂಚಿನಿಂದ ಇನ್ನೊಂದು ದನಿ: "ಮಾಡಿನ ಕೆಳಗೆ ಇಟ್ಟಿದ್ದಾರೆ ಕಾಣ್ತದೆ ಮಾರಾಯ. ಹಂಚಿನ ನೀರೆಲ್ಲ ಅದಕ್ಕೇ ಬಿದ್ದಿದೆ."

ನಾನು ಮೌಸನ್ನು ಹಿಡಿದು ನಿಂತಿದ್ದೆ. ಒಂದು ತಿಂಗಳ ಹಿಂದೆ ಇದೇ ಮಕ್ಕಳು ಇದೇ ಕೋಣೆಯಲ್ಲಿ ಘಟ್ಟಕ್ಕೆ ಬಡಿದ ಮೋಡಕ್ಕೆ ಚಪ್ಪಾಳೆ ತಟ್ಟಿದ್ದರು, ಟಿಪ್ಪಣಿಯನ್ನೂ ಬರೆದುಕೊಂಡಿದ್ದರು. ಒಬ್ಬರಿಗೂ ಅದು ನೆನಪಿಗೆ ಬರಲಿಲ್ಲ. ಪರದೆಯ ಮೇಲಿನ ಘಟ್ಟ ಬೇರೆ, ಅಜೆಕಾರಿನ ಹಿಂದೆ ನಿಂತ ಘಟ್ಟ ಬೇರೆ ಅವರಿಗೆ. ಆ ಸ್ಲೈಡು ಯಂತ್ರದಲ್ಲೇ ಇತ್ತು. ಎರಡು ಸಲ ಒತ್ತಿದ್ದರೆ ಮೋಡ ಎಡಗಡೆಯಿಂದ ತೇಲಿ ಬರುತ್ತಿತ್ತು, ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಪೋರ್ಷನ್ ಮುಗಿಸುವ ಅವಸರವೂ ನನಗಿತ್ತು.

ಒತ್ತಲಿಲ್ಲ. ಮೌಸನ್ನು ಮೇಜಿನ ಮೇಲೆ ಬಿಟ್ಟು ಹಿಂದೆ ಸರಿದು, "ಸುಳ್ಳು ಅಂತ ಹೇಳಿದರೆ ಸಾಕಾ? ಸುಳ್ಳು ಅಂತ ತೋರಿಸುವುದು ಹೇಗೆ?" ಎಂದು ಕೇಳಿದೆ. ಹೇಳಿಕೊಡುವುದೇ ಕೆಲಸವಾದ ನನಗೆ ಉತ್ತರ ಗೊತ್ತಿದ್ದೂ ಸುಮ್ಮನೆ ನಿಲ್ಲುವುದು ಕಂಪ್ಯೂಟರು ಕಲಿಯುವುದಕ್ಕಿಂತ ಕಷ್ಟವಾಯಿತು.

ಗಲಾಟೆ ಜೋರಾಯಿತು. ಬಸ್ಸು ಹತ್ತಿ ಹೋಗಿ ಹಿಡಿಯುವಾ ಎಂದರು ಕೆಲವರು. ಪತ್ರ ಬರೆದು ಬೈಯುವಾ ಎಂದರು ಕೆಲವರು. ಕೊಪ್ಪಳದ ಹುಡುಗಿ ಎದ್ದು ನಿಂತಳು. ಅವಳಾಗಿ ಎದ್ದು ನಿಂತದ್ದು ಅದೇ ಮೊದಲು.

"ಅವರ ಬಾಟ್ಲಿ ನಮಗ ಕಳಸಲಿ, ನಮ್ಮ ಬಾಟ್ಲಿ ಅವರಿಗೆ ಕಳಸೋಣ. ಬಾಟ್ಲಿದು ತಪ್ಪಿದ್ರ ಗೊತ್ತಾಕೈತಿ."

"ಅದು ಸರಿ ಉಂಟಲ್ವಾ!" ಎಂದ ಅದೇ ಹುಡುಗ.

ಬಾಟಲಿಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ಬಸ್ ಕಂಡಕ್ಟರುಗಳ ಕೈಯಲ್ಲಿ ಕಳಿಸಿದೆವು. "ಎಂತ ಟೀಚರ್, ಗಾಜಾ?" ಎಂದು ಕಂಡಕ್ಟರ್ ಕೇಳಿದಾಗ, "ಮಳೆ ಅಳೆಯುವುದು" ಎಂದೆ. ಅವನು ಅದನ್ನು ಡ್ರೈವರಿನ ಹಿಂದೆ, ಹೂವಿನ ಬುಟ್ಟಿಯ ಪಕ್ಕ, ಜೋಪಾನವಾಗಿ ಇಟ್ಟ. ಹಂಚಿನ ನೀರಿನ ಆರೋಪ ಗೆಳತಿಗೆ ತಿಳಿಸಿದೆ. ಅವಳ ಮಕ್ಕಳು ಸಿಟ್ಟಾಗಿ, ಬಾಟಲಿಯನ್ನು ಮೈದಾನದ ನಡುವಿನ ಕಲ್ಲಿನ ಮೇಲಿಟ್ಟು, ಅದರ ಸುತ್ತ ತಾವೇ ನಿಂತು ಫೋಟೋ ತೆಗೆಸಿ ಕಳಿಸಿದರು.

ಮುಂದಿನ ವಾರದ ಫ್ಲಾಪಿಯನ್ನು ತೆರೆದೆವು. ನಮ್ಮ ಬಾಟಲಿ ಅಜೆಕಾರಿನಲ್ಲಿಯೂ ಹೆಚ್ಚೇ ತೋರಿಸಿತ್ತು. ಅವರ ಬಾಟಲಿ ನಮ್ಮಲ್ಲಿ ಕಡಿಮೆಯೇ ತೋರಿಸಿತ್ತು. ಬಾಟಲಿಯದ್ದು ತಪ್ಪಿಲ್ಲ, ಮಕ್ಕಳದ್ದೂ ತಪ್ಪಿಲ್ಲ.

"ಹಾಗಾದರೆ ಅಲ್ಲಿ ಎಂತ ಉಂಟು?" ಮೀನುಗಾರರ ಮನೆಯ ಹುಡುಗ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದ. ಮಕ್ಕಳ ತಲೆಗಳ ಹಿಂದೆ, ಮಂಜಿನಲ್ಲಿ ಅರ್ಧ ಮುಚ್ಚಿದ ಘಟ್ಟದ ಗೋಡೆ. ಅದನ್ನೇ ನೋಡುತ್ತಿದ್ದವನು ಥಟ್ಟನೆ ತಿರುಗಿದ. "ಟೀಚರ್, ನಿಮ್ಮ ಆ ಮೋಡ! ಅದು ಇದೇ ಅಲ್ವಾ? ನಮ್ಮ ಮೇಲಿಂದ ಹೋದದ್ದು ಅಲ್ಲಿ ಹೋಗಿ ಸಿಕ್ಕಿಹಾಕಿಕೊಳ್ಳುದು!"

ನಾನು ತಲೆಯಾಡಿಸಿದೆ. ಆಮೇಲೆ ಅವರೇ ಕರಿಹಲಗೆಗೆ ಮುಗಿಬಿದ್ದು ಕಡಲು, ಕಾಪು, ಕಾರ್ಕಳ, ಅಜೆಕಾರು, ಘಟ್ಟ ಎಂದು ಬರೆದು ಬಾಣಗಳನ್ನು ಎಳೆದರು. ಬಾಣ ಘಟ್ಟದ ತುದಿಯಲ್ಲಿ ನಿಂತಿತು. ಮುಂದಕ್ಕೆ ಎಳೆಯಲು ಅವರಲ್ಲಿ ಅಂಕೆಗಳಿರಲಿಲ್ಲ.

ಕೊಪ್ಪಳದ ಹುಡುಗಿ ಹಲಗೆಯ ಬಲತುದಿಯನ್ನು ತೋರಿಸಿದಳು. "ಇಲ್ಲಿ ನಮ್ಮೂರು ಐತ್ರಿ."

ಅವಳು ಊರಿಗೆ ಹೊರಟದ್ದು ಅದರ ಮರುವಾರ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಧಾನ, ಊರಿನಲ್ಲಿ ಸಜ್ಜೆ ಬಿತ್ತುವ ಸಮಯ. ಅವಳ ಅಪ್ಪ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತು, "ಬಿತ್ತೋದು, ಎಡಿ ಹೊಡದು ಕಸ ತೆಗಿಯೋದು ಮುಗಿಸ್ಕೊಂಡು ಬರ್ತೀವ್ರಿ ಸರ್. ಚೌತಿ ಆದ ಮ್ಯಾಲ" ಎಂದರು. ಅವರು ಹೋದ ಮೇಲೆ ಮುಖ್ಯೋಪಾಧ್ಯಾಯರು ನನ್ನತ್ತ ನೋಡಿದರು. "ಹೀಗೆ ಹೇಳಿ ಹೋದವರು ಬರುದು ಕಡಿಮೆ ಟೀಚರೇ. ಹೋದ ವರ್ಷವೂ ಇಬ್ಬರು ಹೋದರು, ಬರಲೇ ಇಲ್ಲ. ಇಷ್ಟು ದಿನ ಗೈರುಹಾಜರಾದರೆ ಹೆಸರು ತೆಗೆಯಬೇಕಾಗ್ತದೆ. ನಿಯಮ ಉಂಟು."

ಅವರ ಮಾತು ಸುಳ್ಳಲ್ಲವೆಂದು ನನಗೂ ಗೊತ್ತಿತ್ತು. ಬಿತ್ತನೆಗೆ ಹೋದ ಹೆಣ್ಣುಮಕ್ಕಳು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಅಲ್ಲೇ ಉಳಿಯುತ್ತಾರೆ, ಮತ್ತೊಂದು ವರ್ಷಕ್ಕೆ ಮದುವೆಯ ಮಾತು ಬರುತ್ತದೆ. ಮಕ್ಕಳಿಗೆ ಇದೆಲ್ಲ ಹೇಳಲಿಲ್ಲ. "ನಾಳೆ ಅವಳು ಹೋಗ್ತಾಳೆ" ಎಂದಷ್ಟೇ ಹೇಳಿದೆ. ಮರುದಿನ ಬೆಳಿಗ್ಗೆ ಮೀನುಗಾರರ ಮನೆಯ ಹುಡುಗ ಹೊಸ ಬಾಟಲಿಯೊಂದನ್ನು ತಂದಿದ್ದ. ಬುಡಕ್ಕೆ ಸಿಮೆಂಟು, ಮೈಮೇಲೆ ಪೇಂಟಿನ ಗೆರೆ, ಎಲ್ಲ ಮುಗಿದಿತ್ತು. "ಇದು ಬಯಲಲ್ಲಿ ಇಡು, ಮರದ ಕೆಳಗೆ ಇಡಬೇಡ ಆಯ್ತಾ? ಮತ್ತೆ ನಾವು ಸುಳ್ಳು ಹೇಳ್ತೇವೆ ಅಂತಾರೆ ಅಜೆಕಾರಿನವರು" ಎಂದು ಅವಳ ಕೈಗೆ ಕೊಟ್ಟ. ಅವಳು ಅದನ್ನು ಸೆರಗಿನಂತೆ ಮಾಡಿದ ದುಪಟ್ಟಾದಲ್ಲಿ ಸುತ್ತಿಕೊಂಡಳು. ನಾನು ಶಾಲೆಯ ಫೋನ್ ನಂಬರನ್ನು ಬಾಟಲಿಯ ಮೈಮೇಲೆ ಅದೇ ಪೇಂಟಿನಲ್ಲಿ ಬರೆಸಿದೆ. "ಶನಿವಾರ ಬೆಳಿಗ್ಗೆ ಫೋನ್ ಮಾಡು" ಎಂದೆ.

ಮೊದಲ ಶನಿವಾರ ಫೋನು ಬರಲಿಲ್ಲ. ಎರಡನೆಯ ಶನಿವಾರ ಮೂರನೇ ಪಿರಿಯಡಿನ ನಡುವೆ ಜವಾನ ಬಂದು ಕರೆದ. ಓಡಿಹೋದೆ. ಮುಖ್ಯೋಪಾಧ್ಯಾಯರು ರಿಸೀವರನ್ನು ಕೈಯಳತೆಯ ದೂರದಲ್ಲಿ ಹಿಡಿದುಕೊಂಡಿದ್ದರು. "ನಿಮ್ಮ ಮಳೆಯ ಫೋನ್."

"ಟೀಚರ್, ಬಾಟ್ಲಿ ಮನಿ ಮಣ್ಣಿನ ಮಾಳಗಿ ಮ್ಯಾಲ ಇಟ್ಟೀನ್ರಿ. ಹ್ವಾದ ವಾರ ಫೋನ್ ಕೆಟ್ಟಿತ್ತು. ಎರಡೂ ವಾರದ್ದು ಹೇಳ್ತೀನಿ, ಬರಕೊಳ್ರಿ." ಹಿಂದಿನಿಂದ ಸಂತೆಯ ಗದ್ದಲ ಕೇಳುತ್ತಿತ್ತು. ಅವಳು ಹೇಳಿದ ಅಂಕೆಗಳು ಎಷ್ಟು ಸಣ್ಣವೆಂದರೆ ನಾನು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡೆ.

ಅದರ ಮುಂದಿನ ಶನಿವಾರ ನಾನು ಇಲಾಖೆಯ ಸಭೆಗೆ ಉಡುಪಿಗೆ ಹೋಗಬೇಕಾಯಿತು. ಸೋಮವಾರ ಬಂದಾಗ ಮುಖ್ಯೋಪಾಧ್ಯಾಯರೇ ಒಂದು ಚೀಟಿ ಹಿಡಿದು ಕಂಪ್ಯೂಟರ್ ಕೋಣೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಬಂದರು. ಚೀಟಿ ನೋಡಿ ಆ ವಾರದ ಅಂಕೆಗಳನ್ನು ಕೋಷ್ಟಕಕ್ಕೆ ತುಂಬಿಸುತ್ತಿದ್ದ ಮೀನುಗಾರರ ಮನೆಯ ಹುಡುಗ ಹೆಚ್ಚಿನ ಮನೆಗಳನ್ನು ಖಾಲಿ ಬಿಟ್ಟು ಮುಂದೆ ಹೋದ.

"ಅದೆಂತ ಖಾಲಿ ಬಿಟ್ಟದ್ದು?" ಎಂದರು ಅವರು.

"ಮಳೆ ಬರ್ಲಿಲ್ಲ ಅಲ್ವಾ ಸರ್."

"ಸೊನ್ನೆ ಹಾಕು. ನಾನೂ ಫೋನಿನಲ್ಲಿ 'ಏನೂ ಇಲ್ವಾ, ಹಾಗಾದರೆ ಬಿಡು' ಅಂದೆ. ಅವಳು ಬಿಡ್ಲಿಲ್ಲ. 'ಸೊನ್ನಿ ಇದ್ರೂ ಬರಕೊಳ್ರಿ ಸರ್, ನಾ ದಿನಾ ಹತ್ತಿ ನೋಡೀನಿ' ಅಂದಳು."

ಹುಡುಗ ಸೊನ್ನೆಗಳನ್ನು ಹಾಕುತ್ತ ಹೋದ. ಕೆಳಗಿನ ಸರಾಸರಿ ಪ್ರತಿ ಸೊನ್ನೆಗೂ ಇಳಿಯಿತು. ಮಕ್ಕಳಿಗೆ ಅದು ಅಚ್ಚರಿ. ಖಾಲಿ ಮನೆಯನ್ನು ಕಂಪ್ಯೂಟರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಸೊನ್ನೆಯನ್ನು ಹಿಡಿಯುತ್ತದೆ. ಖಾಲಿ ಎಂದರೆ ಯಾರೂ ನೋಡಲಿಲ್ಲ, ಸೊನ್ನೆ ಎಂದರೆ ನೋಡಿದ್ದೇವೆ, ಮಳೆ ಇರಲಿಲ್ಲ ಎಂದು ನಾನು ವಿವರಿಸಿದೆ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ನನಗೂ ಅದು ಹೊಳೆದದ್ದು ಆ ಗಳಿಗೆಯಲ್ಲೇ.

ಶನಿವಾರದ ಫೋನನ್ನು ಆಮೇಲೆ ಮುಖ್ಯೋಪಾಧ್ಯಾಯರು ನನಗೆ ಕೊಡಲೇ ಇಲ್ಲ. ಅವಳ ಕರೆ ಬಂದೊಡನೆ "ಇಡು, ನಾನೇ ಮಾಡ್ತೇನೆ" ಎಂದು ಕೆಳಗಿಟ್ಟು, ನಾವೆಲ್ಲ ಬೇಡಿದರೂ ತೆಗೆಯದ ಎಸ್‌ಟಿಡಿ ಲಾಕನ್ನು ತೆಗೆದು ತಿರುಗಿ ಫೋನ್ ಮಾಡುತ್ತಿದ್ದರು. ಬಾಗಿಲ ಹೊರಗೆ ನಿಂತ ನಮಗೆ ಅವರ ದನಿ ಕೇಳುತ್ತಿತ್ತು. "ಮೂರಾ? ಮೂರೂವರೆಯಾ? ಸರಿಯಾಗಿ ನೋಡಿದ್ಯಾ? ಬಿತ್ತಿದ್ರಾ? ಹ್ಞಾಂ... ಹ್ಞಾಂ. ಪುಸ್ತಕ ಉಂಟಾ ಅಲ್ಲಿ? ಓದ್ತಾ ಇದ್ದೀಯಾ?"

ಆಗಸ್ಟ್ ತಿಂಗಳಲ್ಲಿ ಹಾಜರಿ ಪುಸ್ತಕ ಪರಿಶೀಲಿಸುವಾಗ ಅವಳ ಹೆಸರಿನ ಮುಂದೆ ಅವರ ಪೆನ್ನು ನಿಂತಿತು. ನಾನು ಎದುರಿಗೆ ಕೂತಿದ್ದೆ. ಹೆಸರು ತೆಗೆಯಬೇಡಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅಂದರು: "ದಿನಾ ಮಾಳಿಗೆ ಹತ್ತಿ ಅಳೆದು ವಾರಕ್ಕೊಮ್ಮೆ ನನಗೆ ವರದಿ ಕೊಡುವವಳನ್ನು ಶಾಲೆ ಬಿಟ್ಟವಳು ಅಂತ ಹೇಗೆ ಬರೆಯುದು ಟೀಚರೇ?" ಪುಟ ತಿರುಗಿಸಿದರು. ಮೇಲಿನ ಕಚೇರಿಗೆ ಅವರು ಏನು ಬರೆದು ಒಪ್ಪಿಸಿದರೋ ನಾನು ಕೇಳಲಿಲ್ಲ. ಅವಳ ಹೆಸರು ಉಳಿಯಿತು.

ಚೌತಿ ಕಳೆದು ಒಂದು ವಾರಕ್ಕೆ ಅವಳು ಬಂದಳು. ಬಿಸಿಲಿಗೆ ಇನ್ನಷ್ಟು ಕಪ್ಪಾಗಿ, ಸ್ವಲ್ಪ ಉದ್ದವಾಗಿ, ಕೈಯಲ್ಲಿ ಬಾಟಲಿ. ಪೇಂಟಿನ ಫೋನ್ ನಂಬರು ಅರ್ಧ ಮಾಸಿತ್ತು. ಮಕ್ಕಳು ಅವಳನ್ನು ಎಳೆದುಕೊಂಡೇ ಕಂಪ್ಯೂಟರ್ ಕೋಣೆಗೆ ಹೋದರು. ಮೂರೂ ಊರಿನ ಮಳೆಯನ್ನು ಒಂದೇ ನಕ್ಷೆಯಲ್ಲಿ ಬಣ್ಣಬಣ್ಣದ ಗೆರೆಗಳಲ್ಲಿ ತೆಗೆದಿದ್ದೆವು. ಅಜೆಕಾರಿನದು ಕೆಂಪು, ಕಾಪುವಿನದು ನೀಲಿ. ಎರಡೂ ಮೇಲೆದ್ದು ಕೆಳಗಿಳಿದು ಗರಗಸದಂತೆ ಕಾಣುತ್ತಿದ್ದವು. ಆ ನಕ್ಷೆಯ ಬಗ್ಗೆ ನನಗೆ ತುಂಬ ಹೆಮ್ಮೆಯಿತ್ತು. ಮಳೆನೆರಳಿನ ಪ್ರದೇಶ ಎಂದು ಪುಸ್ತಕದಲ್ಲಿ ಎರಡು ಸಾಲಿನಲ್ಲಿರುವುದು ಅದರಲ್ಲಿ ಕಣ್ಣಿಗೆ ಹೊಡೆಯುವಂತಿತ್ತು.

ಅವಳು ಪರದೆಯ ಹತ್ತಿರ ಬಗ್ಗಿದಳು. "ಟೀಚರ್, ನಮ್ಮೂರು ಎಲ್ಲೈತ್ರಿ?"

"ಕೆಳಗೆ ಉಂಟಲ್ಲ, ಹಸಿರು ಗೆರೆ" ಎಂದ ಮೀನುಗಾರರ ಮನೆಯ ಹುಡುಗ.

ಅವಳು ಬೆರಳಿಟ್ಟು ನೋಡಿದಳು. "ಇದು ಚೌಕಟ್ಟಿನ ಗೆರಿ ಅಲ್ಲೇನು?"

ನಾನೂ ಬಗ್ಗಿ ನೋಡಿದೆ. ನಿಜವಾಗಿ ಅದು ಹಾಗೆಯೇ ಇತ್ತು. ನಮ್ಮ ಎರಡು ಊರಿನ ಮಳೆಗೆ ತಕ್ಕ ಅಳತೆಯಲ್ಲಿ ಅವಳ ಊರಿನ ಗೆರೆ ನೆಲಕ್ಕೆ ಅಂಟಿಕೊಂಡು ಚೌಕಟ್ಟಿನೊಡನೆ ಒಂದಾಗಿಹೋಗಿತ್ತು. ಇಷ್ಟು ದಿನ ಆ ನಕ್ಷೆಯನ್ನು ನೋಡಿ ಹಿಗ್ಗಿದ ನನಗೆ ಅದು ಕಂಡಿರಲಿಲ್ಲ.

"ನಮ್ಮೂರಾಗೂ ಮಳಿ ಬಂದಿತ್ರಿ ಟೀಚರ್" ಎಂದಳು, ಮೆಲ್ಲಗೆ.

ಸರಿಪಡಿಸುವುದು ಹೇಗೆಂದು ನನಗೆ ಹೊಳೆಯಲಿಲ್ಲ, ಹಾಗೆಂದು ಹೇಳಿದೆ. ಮೀನುಗಾರರ ಮನೆಯ ಹುಡುಗ ಕುರ್ಚಿ ಎಳೆದು ಕೂತ. ಕೋಷ್ಟಕದ ಪ್ರತಿ ಮಾಡಿಕೊಂಡು, ಅದರಿಂದ ಅಜೆಕಾರಿನ ಸಾಲನ್ನು ಅಳಿಸಿದ. ನಕ್ಷೆ ಸ್ವಲ್ಪ ಅಲುಗಾಡಿತು. ಆಮೇಲೆ ನಮ್ಮ ಕಾಪುವಿನ ಸಾಲನ್ನೂ ಅಳಿಸಿದ. ಬದಿಯ ಅಳತೆ ತಾನಾಗಿ ಬದಲಾಯಿತು, ನೆಲಕ್ಕೆ ಅಂಟಿದ್ದ ಹಸಿರು ಗೆರೆ ಒಮ್ಮೆಲೇ ಎದ್ದು ನಿಂತಿತು. ಅಲ್ಲೊಂದು ಗುಡ್ಡ, ಇಲ್ಲೊಂದು ಬಯಲು, ನಡುವೆ ಸಣ್ಣ ಸಣ್ಣ ಏರಿಳಿತ. ಎರಡು ಗೆರೆಗಳಡಿ ಕಾಣದೆ ಬಿದ್ದಿದ್ದ ಎರಡು ತಿಂಗಳು ಅಲ್ಲಿದ್ದವು.

"ಎದ್ದಿತು ನೋಡು!" ಎಂದ.

ಅವಳು ಬೆರಳನ್ನು ಗೆರೆಯ ಮೇಲೆ ಇಟ್ಟಳು. "ಇದು ನಾವು ಹ್ವಾದ ಮರುದಿನ ಬಂದಿದ್ದು. ನಮ್ಮ ಮುತ್ಯಾ, ಅಪ್ಪನ ಅಪ್ಪ, ಇದಕ್ಕ ಬಿತ್ತೋಣು ಅಂದ. ಅಪ್ಪ ಇನ್ನೊಂದು ಬರಲಿ ಅಂದ. ಇಲ್ಲಿ ನೋಡ್ರಿ, ಇದು ಬಂತು. ಮರುದಿನ ಊರೆಲ್ಲ ಕೂರಿಗಿ ಹೂಡಿದ್ರು. ಇದು ಸೊನ್ನಿ, ಇದೂ ಸೊನ್ನಿ, ಇಲ್ಲೀತನಕ ಎಲ್ಲಾ ಸೊನ್ನಿ. ಆವಾಗ ಅವ್ವ ದಿನಾ ಕೇಳ್ತಿದ್ಲು, ಬಾಟ್ಲ್ಯಾಗ ಬಂತಾ ಅಂತ. ಇದು ಬಂದಿದ್ದು ರಾತ್ರಿ. ನಾ ಮಾಳಗಿ ಹತ್ತಿ ನೋಡಿ ಕೆಳಗ ಕೂಗಿ ಹೇಳಿದೆ."

"ಇಷ್ಟೇ ಮಳೆಗೆ ಬಿತ್ತುದಾ?" ಹುಡುಗ ಬದಿಯ ಅಂಕೆಯನ್ನು ಮತ್ತೊಮ್ಮೆ ಓದಿದ. "ನಮ್ಮಲ್ಲಿ ಇಷ್ಟಕ್ಕೆ ಕೊಡೆ ಸಹ ಬಿಡಿಸುದಿಲ್ಲ."

"ಇಷ್ಟ ಸಾಕು. ಬೆರಳು ಹೋಗುವಷ್ಟು ನೆಲ ಹಸಿ ಆದ್ರ ಬಿತ್ತತಾರ."

ಅವನು ನಗಲಿಲ್ಲ. ಯಾರೂ ನಗಲಿಲ್ಲ. ಮಕ್ಕಳು ಒಂದೊಂದಾಗಿ ಕೇಳತೊಡಗಿದರು. ಕೂರಿಗೆ ಎಂದರೆ ಎಂತ, ಸಜ್ಜೆ ಹೇಗಿರುತ್ತದೆ, ಮಾಳಿಗೆ ಮಣ್ಣಿನದಾದರೆ ಸೋರುವುದಿಲ್ಲವಾ. ಅವಳು ನಿಂತುಕೊಂಡೇ ಎಲ್ಲದಕ್ಕೂ ಉತ್ತರ ಕೊಟ್ಟಳು. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಆ ಪಿರಿಯಡಿನಲ್ಲಿ ನಾನು ಕಲಿಸಿದ್ದು ಏನೂ ಇಲ್ಲ. ಆದರೂ ನನ್ನ ಕೆಲಸ ನಡೆಯುತ್ತಿದೆ ಎಂಬ ಸಮಾಧಾನ ಅಷ್ಟು ನಿಚ್ಚಳವಾಗಿ ಬೇರೆ ಯಾವ ತರಗತಿಯಲ್ಲೂ ಬಂದದ್ದಿಲ್ಲ.

ಅರ್ಧವಾರ್ಷಿಕದ ಮಾರ್ಕುಗಳು ಹೆಚ್ಚೇನೂ ಏರಲಿಲ್ಲ, ಇಳಿಯಲೂ ಇಲ್ಲ. ಮುಖ್ಯೋಪಾಧ್ಯಾಯರು ಅಂಕಪಟ್ಟಿ ನೋಡಿ, ಬೀಗದ ಕೈಯನ್ನು ಖಾನೆಯಿಂದ ತೆಗೆದು ಸ್ಟಾಫ್ ರೂಮಿನ ಗೋಡೆಯ ಮೊಳೆಗೆ ನೇತುಹಾಕಿದರು.

ಎರಡು ನಕ್ಷೆಗಳನ್ನೂ ಫ್ಲಾಪಿಗೆ ಹಾಕಿ ಗೆಳತಿಗೆ ಕೊಟ್ಟಿದ್ದೆ. ಮುಂದಿನ ಶನಿವಾರ ಅವಳು ಅಜೆಕಾರಿನ ಮಕ್ಕಳ ಉತ್ತರ ತಂದಳು. ಸೋಮವಾರ ಎಲ್ಲರ ಎದುರು ತೆರೆದೆವು. ಮಳೆ ಕಡಿಮೆ ಯಾಕೆ, ಗಾಳಿ ಯಾವ ಕಡೆಯದು ಎಂದೆಲ್ಲ ಕೇಳಿರಬಹುದೆಂದು ನಾನು ಕಾದಿದ್ದೆ. ಪರದೆಯಲ್ಲಿ ಒಂದೇ ಸಾಲು ಇತ್ತು.

"ಸಜ್ಜೆ ಬಂತಾ?"

ಕೊಪ್ಪಳದ ಹುಡುಗಿ ಕುರ್ಚಿಯಲ್ಲಿ ಕೂತಳು. ಕೀಲಿಮಣೆಯಲ್ಲಿ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿದಳು. "ಬಂದಾವ. ನಾವು ಹೊಂಟಾಗ ಸೊಂಟದ ಮಟ ಇದ್ವು."

ಮೀನುಗಾರರ ಮನೆಯ ಹುಡುಗ ಅವಳ ಹೆಗಲ ಮೇಲಿಂದ ಇಣುಕಿ, "ಟೀಚರ್, ಬಂದಾವ ಅಲ್ಲ, ಬಂದಿವೆ. ತಿದ್ದುವುದಾ?" ಎಂದ.

"ಬೇಡ" ಎಂದೆ. "ಹಾಗೇ ಕಳಿಸುವಾ."